ತತ್ವಪದ ತಂಡದ ಧನಸಹಾಯ ಅರ್ಜಿ: ನಾವೇ ಬರೆಯಬೇಕೇ, ಬರೆಸಬೇಕೇ?

ಏಕತಾರಿ: ನಮ್ಮದು ಊರಿನ ತತ್ವಪದ ತಂಡ. ಮಕ್ಕಳಿಗೆ ಆರು ತಿಂಗಳು ಹಾಡು ಕಲಿಸಲು ಧನಸಹಾಯ ಕೇಳಬೇಕೆಂದಿದ್ದೇವೆ. ಮಂಜೂರಾದ ಹಣದಲ್ಲಿ ಪಾಲು ಕೊಟ್ಟರೆ ಅರ್ಜಿ ಬರೆದುಕೊಡುತ್ತೇನೆ ಎನ್ನುತ್ತಾರೆ ಒಬ್ಬರು. ಒಪ್ಪಬಹುದೇ?

ಹಳೆಯ ಕಾರ್ಯದರ್ಶಿ: ಖಂಡಿತ ಬೇಡ. ಮಕ್ಕಳ ಪಾಠಕ್ಕೆಂದು ಬಂದ ಹಣದಲ್ಲಿ ಪಾಲು ಕೇಳುವುದೇ ತಪ್ಪು. ಹಣ ಬಳಕೆ ಪ್ರಮಾಣಪತ್ರ ಕೇಳುವ ಹೊತ್ತಿಗೆ ಅವರು ಇರುವುದಿಲ್ಲ, ಉತ್ತರ ಕೊಡಬೇಕಾದವರು ನೀವು. ನೀವೇ ಬರೆಯಿರಿ.

ಕೃಷ್ಣಾತೀರ: ಹೇಳುವುದು ಸುಲಭ. ನೂರಾರು ತತ್ವಪದ ಬಾಯಿಪಾಠವಿರುವ ನಮ್ಮ ಹಿರಿಯರಿಗೆ ಸಹಿ ಹಾಕುವುದೇ ಕಷ್ಟ. ಅಕ್ಷರ ಬಲ್ಲವರಿಗೆ ಮಾತ್ರ ನೆರವು ಸಿಗಬೇಕೇ? ಬರೆಯುವುದೂ ದುಡಿಮೆಯೇ, ಅದಕ್ಕೆ ಕೂಲಿ ಕೊಡುವುದರಲ್ಲಿ ತಪ್ಪಿಲ್ಲ.

ಹಳೆಯ ಕಾರ್ಯದರ್ಶಿ: ಕೂಲಿ ಕೊಡಿ, ಪಾಲು ಕೊಡಬೇಡಿ. ಆದರೆ ಹಿರಿಯರು ಹೇಳಬೇಕು, ಬರೆಯುವವರು ಅದನ್ನೇ ಬರೆದುಕೊಳ್ಳಬೇಕು. ಇಲ್ಲದಿದ್ದರೆ ‘ನಶಿಸುತ್ತಿರುವ ಕಲೆಯ ಪುನರುಜ್ಜೀವನ’ ಎಂದು ಎಲ್ಲರೂ ಬರೆಯುವುದನ್ನೇ ಬರೆಯುತ್ತಾರೆ. ಬದಲಿಗೆ ‘ಗುರುವಾರ, ಭಾನುವಾರ ಸಂಜೆ ಮಠದ ಪಡಸಾಲೆಯಲ್ಲಿ ಇಬ್ಬರು ಹಿರಿಯರು 14 ಮಕ್ಕಳಿಗೆ 20 ಪದಗಳನ್ನೂ ದಮ್ಮಡಿ ನುಡಿಸುವುದನ್ನೂ ಕಲಿಸುತ್ತಾರೆ’ ಎಂದು ಬರೆಯಿರಿ. ಓದಿದವರ ಕಣ್ಣಿಗೆ ಪಾಠ ಕಟ್ಟಬೇಕು. ಲೆಕ್ಕವೂ ಅದರಿಂದಲೇ ಹುಟ್ಟುತ್ತದೆ: 26 ವಾರಗಳಲ್ಲಿ 52 ಪಾಠ, ಇಬ್ಬರಿಗೆ ತಲಾ 500 ರೂಪಾಯಿಯಂತೆ 52,000 ರೂಪಾಯಿ. ‘ಇತರೆ ವೆಚ್ಚ’ ಎಂದು ದೊಡ್ಡ ಮೊತ್ತ ಬರೆದರೆ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.

ಲೆಕ್ಕಿಗ: ಬರವಣಿಗೆಗಿಂತ ಮೊದಲು ಕಾಗದಪತ್ರ ನೋಡಿಕೊಳ್ಳಿ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದೆಯೇ? ಬೈಲಾ (ಸಂಘದ ನಿಯಮಾವಳಿ), ಸಂಘದ ಹೆಸರಿನ ಬ್ಯಾಂಕ್ ಖಾತೆ, ಲೆಕ್ಕಪರಿಶೋಧನಾ ವರದಿ ಇವೆಯೇ? ಕೇಂದ್ರ ಸಂಸ್ಕೃತಿ ಸಚಿವಾಲಯಕ್ಕೆ ಅರ್ಜಿ ಹಾಕುವುದಾದರೆ ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಸರ್ಕಾರಿ ಜಾಲತಾಣವಾದ ದರ್ಪಣ್ ಪೋರ್ಟಲ್‌ನ ಸಂಖ್ಯೆಯೂ ಬೇಕು.

ಕೃಷ್ಣಾತೀರ: ಇದನ್ನೇ ನಾನು ಹೇಳುತ್ತಿರುವುದು. ಗದ್ದೆಯಿಂದ ಬಂದು ಹಾಡಲು ಕೂರುವವರು ಇಷ್ಟೆಲ್ಲವನ್ನು ಎಲ್ಲಿಂದ ತರಬೇಕು?

ಬೆಂಗಳೂರಿಗ: ನೋಂದಾಯಿತ ಸಂಘವೇ ಆಗಬೇಕೆಂದು ಎಲ್ಲರೂ ಕೇಳುವುದಿಲ್ಲ. 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ವ್ಯಕ್ತಿಗಳಿಗೂ ಅನುದಾನ ಕೊಡುತ್ತದೆ. ಕನ್ನಡದಲ್ಲೇ ಪ್ರಸ್ತಾವನೆ ಬರೆಯಬಹುದು. ಆದರೆ ಅಲ್ಲಿ ಸಂಶೋಧನೆಯೋ ಹೊಸ ಪ್ರಯೋಗವೋ ಇರಬೇಕು. ಹಿರಿಯರ ಪದಗಳನ್ನು ಧ್ವನಿಮುದ್ರಿಸಿ, ಒಂದೇ ಪದದ ಬೇರೆ ಬೇರೆ ರೂಪಗಳನ್ನು ಅಧ್ಯಯನ ಮಾಡುವ ಯೋಜನೆಯಾದರೆ ಕೇಳಿ ನೋಡಿ.

ಏಕತಾರಿ: ಅಮೆರಿಕದಲ್ಲಿರುವ ನಮ್ಮೂರಿನವರೊಬ್ಬರು ಹಣ ಕಳುಹಿಸುತ್ತೇನೆ ಎನ್ನುತ್ತಿದ್ದಾರೆ. ಅದನ್ನು ಪಡೆಯಬಹುದೇ?

ಲೆಕ್ಕಿಗ: ಅವರ ಪೌರತ್ವ ಯಾವುದೆಂದು ಮೊದಲು ಕೇಳಿ. ಭಾರತದ ಪೌರರಾಗಿದ್ದು ಸ್ವಂತ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, 2010ರ ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಸಂಘ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ.

ಏಕತಾರಿ: ಹಾಗಾದರೆ ಸದ್ಯಕ್ಕೆ ಆ ಹಣ ಬೇಡ. ತಂಡದಲ್ಲಿ ಬಿ.ಎ. ಓದುತ್ತಿರುವ ಹುಡುಗಿಯೊಬ್ಬಳಿದ್ದಾಳೆ. ಹಿರಿಯರ ಎದುರು ಕುಳಿತು ಅವಳೇ ಬರೆಯಲಿ. ಅವಳ ಕೂಲಿಯನ್ನು ತಂಡವೇ ಕೊಡುತ್ತದೆ.

ಕೃಷ್ಣಾತೀರ: ಅದು ಸರಿ. ಬರೆದದ್ದನ್ನು ಕಳುಹಿಸುವ ಮೊದಲು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ. ಸಹಿ ಹಾಕುವವರಿಗೆ ಅದರಲ್ಲಿ ಏನಿದೆ ಎಂದು ಗೊತ್ತಿರಲಿ.