ಕೆಲಸ ಕೆಡ್ತಿರೋದು ಮನಸ್ಸಿಲ್ದೇನಾ, ಕೈಲಾಗ್ದೇನಾ? ಹೇಗೆ ಕಂಡುಹಿಡಿಯೋದು?

ಮೂಡಿಗೆರೆ_ತೋಟ:

ಎಲ್ಲರಿಗೂ ನಮಸ್ಕಾರ. ನಮ್ದು ಮೂಡಿಗೆರೆ ಹತ್ರ ಹದಿನೆಂಟು ಎಕರೆ ಕಾಫಿ ತೋಟ, ಅರೇಬಿಕಾನೇ ಜಾಸ್ತಿ. ಅಪ್ಪನಿಗೆ ಓಡಾಡಕ್ಕಾಗಲ್ಲ ಅಂತ ಎರಡು ವರ್ಷದಿಂದ ನಾನೇ ನೋಡ್ಕೊಳ್ತಿದೀನಿ. ಈಗ ಕುಯ್ಲು ಮುಗ್ದು ಗಿಡ ಕಸಿ ಮಾಡಿಸ್ತಿದೀವಿ (ಕಾಫಿಯಲ್ಲಿ ಕಸಿ ಅಂದ್ರೆ ಬೇಡದ ರೆಂಬೆ, ಚಿಗುರು ಕತ್ತರಿಸೋದು), ಅದ್ರಲ್ಲೇ ತಲೆಬಿಸಿ ಶುರುವಾಗಿದೆ.

ನಮ್ಮಲ್ಲಿ ಒಬ್ರು ಹಳಬರಿದಾರೆ, ಐವತ್ತು ದಾಟಿದೆ, ನಾನು ಚಿಕ್ಕವನಿದ್ದಾಗಿಂದ ಅಣ್ಣ ಅಂತಾನೇ ಕರೆಯೋದು. ಕಸಿ ಕೆಲಸ ಅಂದ್ರೆ ಅವರೇ, ಗಿಡದ ಮುಂದೆ ನಿಂತು ಒಂದ್ ಸುತ್ತು ನೋಡಿ ಆಮೇಲೆ ಕತ್ರಿ ಹಾಕೋರು, ನಡು ಬಿಡಿಸಿ ಬೆಳಕು ಗಾಳಿ ಆಡೋ ಹಾಗೆ ಮಾಡಿ ಹೋದ್ರೆ ಹಿಂದೆ ಹೋಗಿ ನೋಡೋ ಅಗತ್ಯನೇ ಇರ್ಲಿಲ್ಲ. ಈ ವರ್ಷ ಅವರೇ ನಿಧಾನ. ಕಂಬಚಿಗುರು, ಅಂದ್ರೆ ಕಾಂಡದಿಂದ ನೆಟ್ಟಗೆ ಏಳೋ ಬೇಡದ ಚಿಗುರು, ಹಾಗೇ ಬಿಟ್ಟಿರ್ತಾರೆ, ಕತ್ತರಿಸಿದ ಜಾಗ ಸಿಗಿದು ಹೋಗಿರತ್ತೆ, ಕೇಳಿದ್ರೆ ಮಾತೇ ಆಡಲ್ಲ. ಇನ್ನೊಬ್ಬ ಹೊಸ ಹುಡುಗ, ಎಲ್ಲರಿಗಿಂತ ಮುಂಚೆ ಬಂದು ನಿಂತಿರ್ತಾನೆ, ಹುಮ್ಮಸ್ಸಿಗೇನೂ ಕಮ್ಮಿ ಇಲ್ಲ, ಆದ್ರೆ ಮುಂದಿನ ವರ್ಷ ಕಾಯಿ ಕಚ್ಚಬೇಕಾದ ರೆಂಬೆನೇ ಕಡಿದು ಹಾಕ್ತಾನೆ.

ಇಬ್ರಿಗೂ ಹುರುಪು ಬರ್ಲಿ ಅಂತ ಮಾಮೂಲಿ ಕೂಲಿ ಮೇಲೆ ಗಿಡಕ್ಕಿಷ್ಟು ಅಂತ ಸೇರಿಸಿ ಕೊಡ್ತೀನಿ ಅಂದೆ. ಹುಡುಗ ಡಬಲ್ ಸ್ಪೀಡಲ್ಲಿ ಡಬಲ್ ಗಿಡ ಹಾಳ್ ಮಾಡ್ದ. ಅಣ್ಣ ಇನ್ನೂ ಮಂಕಾದ್ರು. ಕೂಲಿ ಜಾಸ್ತಿ ಮಾಡ್ಬೇಕಾ, ಟ್ರೈನಿಂಗ್ ಕೊಡಿಸ್ಬೇಕಾ, ಬೇರೆಯವರನ್ನ ನೋಡ್ಬೇಕಾ? ತಿಳಿದವರು ಹೇಳಿ.

ಹಾಸನ_ಸೂಪರ್‌ವೈಸರ್:

ನಾನು ಇಲ್ಲಿ ಒಂದು ಗಾರ್ಮೆಂಟ್ಸಲ್ಲಿ ಹನ್ನೊಂದು ವರ್ಷದಿಂದ ಲೈನ್ ನೋಡ್ಕೊಳ್ತಿದೀನಿ, ಕಾಫಿ ಗೊತ್ತಿಲ್ಲ, ಆದ್ರೆ ಈ ಸಮಸ್ಯೆ ದಿನಾ ನೋಡ್ತೀನಿ ಬ್ರದರ್.

ವಿಕ್ಟರ್ ವ್ರೂಮ್ ಅನ್ನೋ ಮನಶ್ಶಾಸ್ತ್ರಜ್ಞರು 1964ರಲ್ಲೇ ಒಂದು ಮಾತು ಹೇಳಿದ್ರು, ಕೆಲಸ ಎಷ್ಟಾಗತ್ತೆ ಅನ್ನೋದು ಸಾಮರ್ಥ್ಯ ಮತ್ತೆ ಪ್ರೇರಣೆ ಎರಡನ್ನೂ ಗುಣಿಸಿದ ಹಾಗೆ, ಕೂಡಿಸಿದ ಹಾಗಲ್ಲ ಅಂತ. ಕೂಡೋ ಲೆಕ್ಕ ಆಗಿದ್ರೆ ಒಂದು ಕಮ್ಮಿ ಇದ್ರೆ ಇನ್ನೊಂದು ಜಾಸ್ತಿ ಹಾಕಿ ಸರಿದೂಗಿಸಬಹುದಿತ್ತು. ಗುಣಾಕಾರದಲ್ಲಿ ಒಂದು ಸೊನ್ನೆಗೆ ಬಂದ್ರೆ ಇನ್ನೊಂದು ಎಷ್ಟಿದ್ರೂ ಸೊನ್ನೆನೇ. ಹುಡುಗನಿಗೆ ದುಡ್ಡು ತೋರಿಸಿದ್ದು ಹಾಗಾಯ್ತು ನೋಡಿ, ಮನಸ್ಸು ಮೊದ್ಲೇ ತುಂಬಿತ್ತು, ಕೊರತೆ ಇದ್ದಿದ್ದು ಕೆಲಸ ಗೊತ್ತಿರೋದ್ರಲ್ಲಿ.

ಕಾನ್ಫರ್ ಮತ್ತೆ ಆಕರ್ಮನ್ ಅಂತ ಇಬ್ರು ಸಂಶೋಧಕರು 1989ರಲ್ಲಿ ಅಮೆರಿಕದ ಏರ್‌ಫೋರ್ಸ್ ಟ್ರೈನಿಗಳಿಗೆ ವಿಮಾನ ಇಳಿಸೋ ಕಂಟ್ರೋಲರ್ ಕೆಲಸನ ಕಂಪ್ಯೂಟರಲ್ಲಿ ಕಲಿಸಿ ನೋಡಿದ್ರು. ಕಲಿಯೋಕೆ ಶುರು ಮಾಡಿದ ಹೊತ್ತಲ್ಲೇ ಇಷ್ಟು ಮಾಡ್ಲೇಬೇಕು ಅಂತ ಟಾರ್ಗೆಟ್ ಕೊಟ್ರೆ ಕಲಿಕೆಗೇ ಪೆಟ್ಟು ಬೀಳತ್ತೆ ಅಂತ ಕಂಡುಬಂತು, ಯಾಕಂದ್ರೆ ಗಮನ ಎಲ್ಲಾ ಲೆಕ್ಕದ ಕಡೆ ಹೋಗತ್ತೆ. ಕೈ ಪಳಗಿದ ಮೇಲೆ ಟಾರ್ಗೆಟ್ ಕೊಡಿ, ಆಗ ಕೆಲಸ ಮಾಡತ್ತೆ. ನಮ್ಮ ಲೈನಲ್ಲೂ ಹೊಸ ಹುಡುಗೀರಿಗೆ ಮೊದಲ ದಿನಗಳಲ್ಲಿ ಪೀಸ್ ಲೆಕ್ಕ ಕೇಳೋದು ಬಿಟ್ಟು ಹೊಲಿಗೆ ನೇರ ಬಂತಾ ಅಂತ ಮಾತ್ರ ನೋಡೋಕೆ ಶುರು ಮಾಡ್ದೆ, ಬಿಚ್ಚಿ ಮತ್ತೆ ಹೊಲಿಯೋ ಪೀಸ್ ಎಷ್ಟೋ ಕಮ್ಮಿ ಆಯ್ತು.

ಆಲ್ದೂರು_ಹಳಬ:

ಗಿಡ ಲೆಕ್ಕದ ಮೇಲೆ ಕಸಿ ಮಾಡ್ಸೋದು ಮೊದಲು ನಿಲ್ಸಿ ಮಾರಾಯ್ರೆ. ಕುಯ್ಲಲ್ಲಿ ಕೆಜಿ ಲೆಕ್ಕ ಇಟ್ರೇ ಹಸಿರು ಕಾಯಿ ಚೀಲದಲ್ಲಿ ಬರತ್ತೆ, ಕಸಿಯಲ್ಲಿ ತಪ್ಪಿದ್ರೆ ಅದು ಗೊತ್ತಾಗೋದು ಮುಂದಿನ ಫಸಲಲ್ಲಿ.

ಇನ್ನೊಂದು ಕೇಳ್ತೀನಿ, ಕತ್ರಿ ಗರಗಸ ಕೊನೆಗೆ ಮಸೆಸಿದ್ದು ಯಾವಾಗ? ಕೊಯ್ದ ಜಾಗ ಸಿಗಿಯತ್ತೆ ಅಂದ್ರಲ್ಲ, ನನಗೆ ಮೊದಲ ಅನುಮಾನ ಅಲ್ಲೇ. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲು ಅಂತ ಎಲ್ಲರೂ ಆಡ್ಕೋತಾರೆ, ಆದ್ರೆ ಎಷ್ಟೋ ಸಲ ನೆಲ ನಿಜವಾಗ್ಲೂ ಡೊಂಕಿರತ್ತೆ, ಅದನ್ನ ನೋಡ್ಬೇಕಾದ್ದು ತೋಟದ ಯಜಮಾನ. ಹಾಸನದ ಸಾರ್ ಹೇಳಿದ ಲೆಕ್ಕಕ್ಕೆ ಇದನ್ನೂ ಸೇರಿಸ್ಬೇಕು.

ಹಾಸನ_ಸೂಪರ್‌ವೈಸರ್:

ಸರಿಯಾಗಿ ಹೇಳಿದ್ರಿ ಸಾರ್. ಬ್ಲಂಬರ್ಗ್, ಪ್ರಿಂಗಲ್ ಅನ್ನೋ ಸಂಶೋಧಕರು 1982ರಲ್ಲಿ ಅದನ್ನೇ ಮೂರನೇ ಅಂಶ ಅಂತ ಸೇರಿಸಿದ್ರು, ಅವಕಾಶ ಅಂತ. ಸಲಕರಣೆ, ಸಮಯ, ಕೆಲಸದ ಜಾಗ, ಮೇಲಿನವರು ನಡ್ಕೊಳ್ಳೋ ರೀತಿ ಎಲ್ಲಾ ಅದ್ರಲ್ಲಿ ಬರತ್ತೆ.

ಬೇಲೂರು_ಮೇಷ್ಟ್ರು:

ನಾನು ಓದಿದ್ದು ಆ ಅಣ್ಣನ ವಿಷಯ, ಅಲ್ಲೇ ನಿಂತುಬಿಟ್ಟೆ. ದಯವಿಟ್ಟು ಅವರ ಕಣ್ಣು ಪರೀಕ್ಷೆ ಮಾಡಿಸಿ.

ನಲವತ್ತು ದಾಟಿದ ಮೇಲೆ ಎಲ್ಲರಿಗೂ ಹತ್ತಿರದ್ದು ಮಸುಕಾಗ್ತಾ ಬರತ್ತೆ. ನಾವು ಪೇಪರ್ ಓದೋರು, ಅಕ್ಷರ ಕಾಣ್ದೆ ಇದ್ರೆ ಒಂದೇ ವಾರದಲ್ಲಿ ಗೊತ್ತಾಗತ್ತೆ. ಓದೋ ಅಭ್ಯಾಸ ಇಲ್ಲದವರಿಗೆ ತಮಗೆ ಕಾಣ್ತಿಲ್ಲ ಅಂತಾನೇ ಗೊತ್ತಾಗಲ್ಲ, ಕೈ ತಪ್ತಿದೆ, ವಯಸ್ಸಾಯ್ತು ಅಂದ್ಕೊಳ್ತಾರೆ. ನೆರಳಲ್ಲಿ, ಗಿಡದ ನಡುವೆ, ಬೆರಳಷ್ಟು ಚಿಗುರು ನೋಡ್ಬೇಕಲ್ಲ. ಅಸ್ಸಾಂನಲ್ಲಿ ನಲವತ್ತು ದಾಟಿದ 751 ಟೀ ತೋಟದ ಕಾರ್ಮಿಕರನ್ನ ಎರಡು ಗುಂಪು ಮಾಡಿ ಒಂದು ಗುಂಪಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದ್ರು, 2018ರಲ್ಲಿ ಅದು ಪ್ರಕಟ ಆಯ್ತು. ಕನ್ನಡಕ ಸಿಕ್ಕವರು ಕಿತ್ತ ಎಲೆಯ ತೂಕ ಇನ್ನೊಂದು ಗುಂಪಿಗಿಂತ ಹೆಚ್ಚುಕಮ್ಮಿ ಶೇ. 22ರಷ್ಟು ಜಾಸ್ತಿ ಏರಿತ್ತು. ಅದೇ ಜನ, ಅದೇ ತೋಟ.

ಇನ್ನೊಂದು, ವ್ರೂಮ್ ಹೇಳಿದ್ರಲ್ಲೇ ಇದೂ ಇದೆ, ನಾನೆಷ್ಟು ಕಷ್ಟಪಟ್ರೂ ಕೆಲಸ ಸರಿಯಾಗಲ್ಲ ಅಂತ ಒಳಗೆ ಅನ್ನಿಸಿಬಿಟ್ರೆ ಹುರುಪು ತಾನಾಗೇ ಇಳಿದು ಹೋಗತ್ತೆ. ನೀವು ನೋಡ್ತಿರೋ ಮಂಕು ಅದೇ ಇರಬಹುದು, ಸೋಮಾರಿತನ ಅಂತ ತೀರ್ಮಾನ ಮಾಡ್ಬೇಡಿ.

ಮೂಡಿಗೆರೆ_ತೋಟ:

ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳ್ಬೇಕು ನಿಮ್ಗೆಲ್ಲ.

ಗಿಡಕ್ಕಿಷ್ಟು ಅನ್ನೋದು ನಿಲ್ಸಿದೆ, ಆ ದುಡ್ಡನ್ನ ದಿನದ ಕೂಲಿಗೇ ಸೇರಿಸಿದೆ. ಕತ್ರಿ ನೋಡಿದ್ರೆ ಆಲ್ದೂರಿನ ಹಳಬರು ಹೇಳಿದ್ದೇ ನಿಜ, ಮೊಂಡಾಗಿತ್ತು, ಬ್ಲೇಡ್ ಅಲುಗಾಡ್ತಿತ್ತು, ನಾನು ಒಂದು ದಿನನೂ ಕೈಯಲ್ಲಿ ಹಿಡಿದು ನೋಡಿರ್ಲಿಲ್ಲ, ಬೇಜಾರಾಯ್ತು.

ಅಣ್ಣನ್ನ ಚಿಕ್ಕಮಗಳೂರಿಗೆ ಕರ್ಕೊಂಡು ಹೋದೆ. ಮೊದಲು ಒಪ್ಲಿಲ್ಲ, ನನಗೂ ಪರೀಕ್ಷೆ ಮಾಡಿಸ್ಬೇಕು ಜೊತೆಗೆ ಬನ್ನಿ ಅಂದ್ಮೇಲೆ ಹೊರಟ್ರು. ಹತ್ತಿರದ್ದು ಸುಮಾರಾಗೇ ಹೋಗಿದೆ. ಕನ್ನಡಕ ಹಾಕೊಂಡು ನಡೆದ್ರೆ ಇಳಿಜಾರಲ್ಲಿ ಹೆಜ್ಜೆ ತಪ್ಪತ್ತೆ ಅಂದ್ರು, ಅದಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕೊಂಡಿದಾರೆ, ಗಿಡದ ಮುಂದೆ ನಿಂತಾಗ ಮಾತ್ರ ಏರಿಸ್ತಾರೆ. ವಾಪಸ್ ಬರೋವಾಗ ಜೀಪಲ್ಲಿ ಹೇಳಿದ್ರು, ಗಿಡ ಲೆಕ್ಕ ಶುರು ಮಾಡಿದಾಗ ನನ್ನನ್ನ ಕಳಿಸೋಕೆ ದಾರಿ ಹುಡುಕ್ತಿದೀಯ ಅಂದ್ಕೊಂಡೆ ಅಂತ. ನಂಗೆ ಏನ್ ಹೇಳ್ಬೇಕು ಅಂತಾನೇ ತಿಳೀಲಿಲ್ಲ.

ಹುಡುಗನ್ನ ಈಗ ಅವರ ಜೊತೆಗೇ ಹಾಕಿದೀನಿ. ಕತ್ರಿ ಅವನ ಕೈಗೆ ಕೊಟ್ಟಿಲ್ಲ. ಯಾವ ರೆಂಬೆ ಹೋಗ್ಬೇಕು ಅನ್ಸತ್ತೋ ಅದಕ್ಕೆ ಬಾಳೆ ನಾರು ಕಟ್ಟು ಅಂತಾರೆ, ಇವನು ಕಟ್ತಾನೆ, ಅವರು ಕನ್ನಡಕ ಏರಿಸಿ ನೋಡಿ ಕೆಲವು ಬಿಚ್ಚಿಸ್ತಾರೆ, ಯಾಕೆ ಅಂತ ಹೇಳ್ತಾರೆ, ಆಮೇಲೆ ಕತ್ತರಿಸೋದು. ನಿಧಾನ ಆಗ್ತಿದೆ, ಕಾಫಿ ಹೂ ಅರಳಿಸೋ ಹೂ ಮಳೆ ಬರೋದ್ರೊಳಗೆ ತೋಟದ ಕೆಳಗಿನ ಪಟ್ಟಿ ಮುಗಿಯತ್ತಾ ಗೊತ್ತಿಲ್ಲ. ಮೊದಲ ದಿನ ಒಂದು ಗಿಡದಲ್ಲಿ ಒಂಬತ್ತು ನಾರು ಬಿಚ್ಚಿಸಿದ್ರಂತೆ, ನಿನ್ನೆ ಎರಡೇ.