ಮಗುವಿಗೆ ರೋಬೋಟಿಕ್ಸ್ ಟೀಮ್ ಹುಡುಕೋದು ಹೇಗೆ? ದಾವಣಗೆರೆ ಪೋಷಕರ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಎಲೆಕ್ಟ್ರಾನಿಕ್ಸ್ ಮೇಡಂ ನಮ್ಮ ಜೊತೆ ಇದ್ದಾರೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಮಕ್ಕಳ ರೋಬೋಟ್ ತಂಡಗಳಿಗೆ ಕೋಚ್ ಕೂಡ. ಪ್ರಶ್ನೆ ಚಿಕ್ಕದಾಗಿರಲಿ. ಫಾರ್ವರ್ಡ್ ಬೇಡ.

ವಿದ್ಯಾನಗರದ ತಂದೆ: ನಮಸ್ಕಾರ ಮೇಡಂ. ಮಗ 6ನೇ ಕ್ಲಾಸು. ಅವನಿಗೆ ಟೀಮ್ ಎಲ್ಲಿ ಸಿಗುತ್ತೆ?

ಮೇಡಂ: ನಮಸ್ಕಾರ ಸರ್. ಮೊದಲು ಅವನ ಶಾಲೆಯಲ್ಲೇ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಾ ಕೇಳಿ. 6ರಿಂದ 12ನೇ ತರಗತಿ ಮಕ್ಕಳಿಗೆ ಅಂತಲೇ ನೀತಿ ಆಯೋಗ ಕೊಡುವ ಲ್ಯಾಬ್ ಅದು. ಒಂದೊಂದು ಶಾಲೆಗೆ 20 ಲಕ್ಷದವರೆಗೆ ಅನುದಾನ ಬಂದಿದೆ. ಇದೆ ಅಂದರೆ, ವಾರಕ್ಕೆ ಎಷ್ಟು ದಿನ ಬೀಗ ತೆಗೀತೀರಿ ಅಂತನೂ ಕೇಳಿ. ಇಲ್ಲ ಅಂದರೆ ಇನ್ನಿಬ್ಬರು ಮಕ್ಕಳನ್ನು ಸೇರಿಸಿ. ವರ್ಲ್ಡ್ ರೋಬೋಟ್ ಒಲಿಂಪಿಯಾಡ್ ಅನ್ನೋ ಸ್ಪರ್ಧೆಗೆ ಇಬ್ಬರು ಅಥವಾ ಮೂವರು ಮಕ್ಕಳು, ಒಬ್ಬ ಕೋಚ್ ಸಾಕು. ‘ಫಸ್ಟ್ ಲೆಗೋ ಲೀಗ್ ಚಾಲೆಂಜ್’ ಅನ್ನೋ ಇನ್ನೊಂದು ಸ್ಪರ್ಧೆ 9ರಿಂದ 16 ವರ್ಷದವರಿಗೆ, ತಂಡದಲ್ಲಿ 10 ಮಕ್ಕಳವರೆಗೆ ಇರಬಹುದು.

ಎಂಸಿಸಿ ಬಿ ಬ್ಲಾಕ್ ತಾಯಿ: ರೋಬೋಟ್ ಮಾಡೋಕೆ ಯಾವ ಕಿಟ್ ತಗೋಬೇಕು ಮೇಡಂ?

ಮೇಡಂ: ಈಗಲೇ ಯಾವುದೂ ಬೇಡ. ಮೊದಲು ತಂಡ, ಆಮೇಲೆ ಸ್ಪರ್ಧೆ, ಕೊನೆಗೆ ಕಿಟ್.

ಜಗಳೂರು ಕಡೆಯ ವಿಜ್ಞಾನ ಶಿಕ್ಷಕಿ: ನಮ್ಮದು ಸರ್ಕಾರಿ ಹೈಸ್ಕೂಲು ಮೇಡಂ. ಲ್ಯಾಬ್ ಇಲ್ಲ. 8ನೇ ಕ್ಲಾಸಿನ ಮೂವರು ಹುಡುಗಿಯರಿಗೆ ತುಂಬಾ ಆಸೆ. ಒಬ್ಬಳು ಕೂರಿಗೆ ನೋಡಿ ಒಂದು ಗಾಡಿ ಮಾಡಿದ್ದಾಳೆ. ತಳ್ಳಿದರೆ ಮೆಕ್ಕೆಜೋಳದ ಕಾಳು ಒಂದೊಂದೇ ಬೀಳುತ್ತೆ. ಇದು ರೋಬೋಟ್ ಅನ್ನಿಸಿಕೊಳ್ಳುತ್ತಾ?

ಮೇಡಂ: ಒಂದೊಂದೇ ಹೇಗೆ ಬೀಳುತ್ತೆ? ದಯವಿಟ್ಟು ಸರಿಯಾಗಿ ಹೇಳಿ.

ಜಗಳೂರು ಶಿಕ್ಷಕಿ: ದೊಡ್ಡ ಡಬ್ಬಿಯ ಮುಚ್ಚಳದ ಅಂಚಿಗೆ ಸುತ್ತಲೂ ತೂತು ಮಾಡಿದ್ದಾಳೆ. ಅದು ಗಾಲಿಯ ಜೊತೆ ತಿರುಗುತ್ತೆ. ಒಂದೊಂದು ತೂತಲ್ಲೂ ಒಂದು ಕಾಳು ಕೂರುತ್ತೆ, ಕೆಳಗೆ ಬಂದಾಗ ಉದುರುತ್ತೆ. ಕೆಲವು ಸಲ ಎರಡು ಬೀಳುತ್ತವೆ.

ಮೇಡಂ: ಆ ಹುಡುಗಿಗೆ ನನ್ನ ಶಹಭಾಸ್ ಹೇಳಿ. ಬಿತ್ತನೆ ಯಂತ್ರದಲ್ಲಿ ಕಾಳು ಅಳೆಯುವ ತಟ್ಟೆ ಕೆಲಸ ಮಾಡೋದು ಹೀಗೇ. ನಿಮ್ಮ ತಂಡ ಆಗಲೇ ಶುರುವಾಗಿದೆ.

ಈಗ ಮಾಡಬೇಕಾದ್ದು ಎಣಿಸೋ ಕೆಲಸ. ಒಬ್ಬಳು ತಳ್ಳಲಿ, ಒಬ್ಬಳು ಬಿದ್ದ ಕಾಳು ಎಣಿಸಲಿ, ಒಬ್ಬಳು ಬರೆಯಲಿ. 100 ತೂತು ಕೆಳಗೆ ಬಂದಾಗ ಎಷ್ಟು ಖಾಲಿ, ಎಷ್ಟರಲ್ಲಿ ಒಂದು, ಎಷ್ಟರಲ್ಲಿ ಎರಡು? ಆಮೇಲೆ ತೂತಿನ ಅಳತೆ ಒಂದು ಸಲ, ಮುಚ್ಚಳದ ದಪ್ಪ ಇನ್ನೊಂದು ಸಲ ಬದಲಿಸಿ ಮತ್ತೆ ಎಣಿಸಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗಲ್ಲ. ಕನ್ನಡದಲ್ಲೇ ಬರೆಯಲಿ. ವಾರ ವಾರ ಕೆಲಸ ಬದಲಾಗಲಿ, ಒಬ್ಬಳೇ ಯಾವಾಗಲೂ ಬರೆಯುತ್ತಾ ಕೂರಬಾರದು.

ಗಾಡಿ ತಾನಾಗಿ ಓಡಬೇಕಾದರೆ ಆರ್ಡುಯಿನೋ ಊನೋ ಬೋರ್ಡು (ನಾವು ಬರೆದ ಪ್ರೋಗ್ರಾಂ ನಡೆಸುವ ಪುಟ್ಟ ಕಂಪ್ಯೂಟರ್), ಗೇರ್ ಇರುವ ಎರಡು ಚಿಕ್ಕ ಮೋಟಾರು, ಬೋರ್ಡು ಹೇಳಿದಂತೆ ಮೋಟಾರಿಗೆ ಕರೆಂಟ್ ಕೊಡುವ ಒಂದು ಮೋಟಾರ್ ಡ್ರೈವರು, ಎರಡು ಐಆರ್ ಸೆನ್ಸರು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ವಾಪಸ್ ಬಂದದ್ದನ್ನು ಗುರುತಿಸುವಂಥದ್ದು) ಬೇಕು. ಹಳೇ ಫ್ಲೆಕ್ಸ್ ಬ್ಯಾನರಿನ ಹಿಂಭಾಗ ಬೆಳ್ಳಗಿರುತ್ತೆ ಅಲ್ವಾ, ಅದರ ಮೇಲೆ ಗಾಡಿ ಓಡಬೇಕಾದ ದಾರಿಗೆ ಗೆರೆಯ ಹಾಗೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ. ಬಿಳಿ ಭಾಗ ಐಆರ್ ಬೆಳಕನ್ನು ವಾಪಸ್ ಕಳಿಸುತ್ತೆ, ಕಪ್ಪು ಟೇಪು ನುಂಗುತ್ತೆ. ಗಾಡಿ ಗೆರೆ ಹಿಡಿಯೋದು ಆ ವ್ಯತ್ಯಾಸದಿಂದ. ಕಿಟಕಿ ಬಿಸಿಲು ಬಿದ್ದರೆ ಸೆನ್ಸರ್ ತಪ್ಪು ಹೇಳುತ್ತೆ. ಅದರ ಮೇಲೆ ಚಿಕ್ಕ ಸ್ಕ್ರೂ ಇರುತ್ತೆ, ಜಾಗ ಬದಲಾದಾಗೆಲ್ಲ ಅದನ್ನು ತಿರುಗಿಸಿ ಹೊಂದಿಸಬೇಕು.

ಹೆಡ್‌ಮಾಸ್ಟರ್ ಕಡೆಯಿಂದ ದಾವಣಗೆರೆಯ ಬಿಐಇಟಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಒಂದು ಪುಟದ ಪತ್ರ ಬರೆಸಿ. ದುಡ್ಡು ಕೇಳಬೇಡಿ. ಫೈನಲ್ ಇಯರಿನ ಇಬ್ಬರು ವಿದ್ಯಾರ್ಥಿಗಳನ್ನು ಶನಿವಾರ ಮಧ್ಯಾಹ್ನಕ್ಕೆ ಕಳಿಸಿ ಅಂತ ಕೇಳಿ.

ನಿಟುವಳ್ಳಿ ಸದಸ್ಯರು: ಹಳ್ಳಿ ಮಕ್ಕಳಿಗೆ ಸುಮ್ನೆ ಆಸೆ ಹಚ್ಚಬೇಡಿ ಮೇಡಂ. ಎಸ್‌ಎಸ್‌ಎಲ್‌ಸಿ ಪಾಸಾಗಲಿ ಮೊದಲು.

ಜಗಳೂರು ಶಿಕ್ಷಕಿ: ಗಣಿತದಲ್ಲಿ ಹಿಂದಿದ್ದ ಹುಡುಗಿ ಈಗ ವೃತ್ತದ ಸುತ್ತಳತೆ ತಾನೇ ಕೇಳಿ ಕಲೀತಿದ್ದಾಳೆ ಸರ್. ತೂತಿನ ಅಂತರ ಹಾಕೋಕೆ ಅವಳಿಗೆ ಅದು ಬೇಕು.

ನಿಟುವಳ್ಳಿ ಸದಸ್ಯರು: ಅದೆಲ್ಲ ಮಾರ್ಕ್ಸ್ ಕಾರ್ಡಲ್ಲಿ ಬರಲ್ಲ ರೀ.

ವಿದ್ಯಾನಗರದ ತಂದೆ: ನಿಮ್ಮ ಮಗನ್ನ ಮಾತ್ರ ಬೆಂಗಳೂರಿಗೆ ಕೋಚಿಂಗಿಗೆ ಕಳಿಸಿದ್ದೀರಿ. ಬೇರೆಯವರ ಮಕ್ಕಳಿಗೆ ಆಸೆ ಬೇಡವಾ?

ನಿಟುವಳ್ಳಿ ಸದಸ್ಯರು: ನನ್ನ ಮನೆ ವಿಷಯ ನಿಮಗ್ಯಾಕೆ ಸ್ವಾಮಿ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಚಿತ್ರದುರ್ಗದ ತಾಯಿ: ದುರ್ಗದಲ್ಲಿ ಹೊರಗಿನ ಮಕ್ಕಳನ್ನು ಸೇರಿಸಿಕೊಳ್ಳುವ ಟೀಮ್ ಯಾವುದಾದರೂ ಇದೆಯಾ?

ಪಿಜೆ ಬಡಾವಣೆ ಸದಸ್ಯರು: ಫಾರ್ವರ್ಡ್ ಬಂದಿದೆ ನೋಡಿ: ‘ಇಂದೇ ಫೀ ಕಟ್ಟಿ, ನಿಮ್ಮ ಮಗು ನೇರ ಅಂತರರಾಷ್ಟ್ರೀಯ ಫೈನಲ್‌ಗೆ.’ ಕಟ್ಟಬಹುದಾ?

ಮೇಡಂ: ಕಟ್ಟಬೇಡಿ. ದುಡ್ಡು ಕಟ್ಟಿದ ಮಾತ್ರಕ್ಕೆ ಯಾವ ಒಳ್ಳೆ ಸ್ಪರ್ಧೆಯಲ್ಲೂ ಫೈನಲ್ ಸಿಗಲ್ಲ. ವರ್ಲ್ಡ್ ರೋಬೋಟ್ ಒಲಿಂಪಿಯಾಡನ್ನು ನಮ್ಮ ದೇಶದಲ್ಲಿ ನಡೆಸೋದು ಇಂಡಿಯಾ ಸ್ಟೆಮ್ ಫೌಂಡೇಶನ್. ಅವರ ವೆಬ್‌ಸೈಟಿನಲ್ಲಿ ನೋಡಿ, ವಾಟ್ಸಾಪಿನಲ್ಲಿ ಅಲ್ಲ.

ಎಂಸಿಸಿ ಎ ಬ್ಲಾಕ್ ತಾಯಿ: ಕಿಟ್ ಯಾವುದು ಒಳ್ಳೇದು?

ಮೇಡಂ: ಮೇಲೆ ಓದಿ.

ಹರಿಹರದ ತಂದೆ: ಮಗ 8ನೇ ಕ್ಲಾಸು, ರೋಬೋ ಕಾರು ಮಾಡ್ತಿದ್ದಾನೆ. ಹಳೇ ಡ್ರೋನಿನ ಬ್ಯಾಟರಿ, 7.4 ವೋಲ್ಟ್. ಸ್ವಲ್ಪ ಉಬ್ಬಿದೆ. ರಾತ್ರಿ ಮಂಚದ ಪಕ್ಕ ಚಾರ್ಜ್‌ಗೆ ಹಾಕ್ತಾನೆ. ಪರವಾಗಿಲ್ವಾ?

ಪಿಜೆ ಬಡಾವಣೆ ಸದಸ್ಯರು: ಸೂಜಿ ಚುಚ್ಚಿ ಗಾಳಿ ತೆಗೆದು ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತೆ. ನನಗೆ ವಿಡಿಯೋ ಬಂದಿತ್ತು.

ಮೇಡಂ: ಯಾರೂ ಹಾಗೆ ಮಾಡಬೇಡಿ! ಅಡ್ಮಿನ್, ಆ ಮೆಸೇಜ್ ತೆಗೀರಿ. ಒಳಗಿರೋದು ಬರೀ ಗಾಳಿ ಅಲ್ಲ, ಹೊತ್ತಿಕೊಳ್ಳುವ ಅನಿಲ. ಸೂಜಿ ಒಳಗಿನ ಪದರಗಳನ್ನು ಒಂದಕ್ಕೊಂದು ತಾಗಿಸಿದರೆ ಶಾರ್ಟ್ ಆಗಿ ಕೈಯಲ್ಲೇ ಬೆಂಕಿ. ಫ್ರೀಜರಿನಿಂದ ಏನೂ ಸರಿಹೋಗಲ್ಲ.

ಹರಿಹರದವರೇ, ಈಗ ಚಾರ್ಜಿನಲ್ಲಿದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿ. ಬಿಸಿ ಇದ್ದರೆ, ಹೊಗೆ ಬರ್ತಿದ್ದರೆ ಮುಟ್ಟಬೇಡಿ. ಎಲ್ಲರನ್ನೂ ಹೊರಗೆ ಕರ್ಕೊಂಡು ಹೋಗಿ 112ಕ್ಕೆ ಫೋನ್ ಮಾಡಿ. ತಣ್ಣಗಿದ್ದರೆ ನೀವೇ ಎತ್ತಿ, ಮರಳು ತುಂಬಿದ ಕಬ್ಬಿಣದ ಬಕೆಟ್ಟಿನಲ್ಲಿ, ಮನೆಯಿಂದ ದೂರ ಬಯಲಲ್ಲಿ ಇಡಿ. ಮಗನ ಕೈಗೆ ಕೊಡಬೇಡಿ. ಕಸದ ಗಾಡಿಗೆ ಹಾಕಬೇಡಿ, ಇ-ತ್ಯಾಜ್ಯ ತಗೊಳ್ಳೋ ಕಡೆಗೇ ಕೊಡಬೇಕು. ಆ ಬ್ಯಾಟರಿಯಲ್ಲಿ ಎರಡು ಸೆಲ್ ಇವೆ. ಒಂದೊಂದೂ 4.2 ವೋಲ್ಟ್ ದಾಟಬಾರದು. ಸಿಕ್ಕ ಚಾರ್ಜರ್ ಚುಚ್ಚಿದರೆ ಒಂದು ಸೆಲ್ ಮಿತಿ ದಾಟಿದ್ದು ಹೊರಗೆ ಗೊತ್ತಾಗಲ್ಲ. ಒಳ್ಳೇ ಬ್ಯಾಟರಿಗೂ ಒಂದೊಂದು ಸೆಲ್ಲನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳುವ ಬ್ಯಾಲೆನ್ಸ್ ಚಾರ್ಜರೇ ಬೇಕು, ದೊಡ್ಡವರು ಎದುರಿಗೇ ಇರಬೇಕು.

ಪಿಜೆ ಬಡಾವಣೆ ಸದಸ್ಯರು: ಸುಮ್ನೆ ಹೆದರಿಸ್ತೀರಿ. ಎಷ್ಟೋ ಜನಕ್ಕೆ ಕೆಲಸ ಮಾಡಿದೆ.

ಮೇಡಂ: ಮಕ್ಕಳ ಜೀವದ ವಿಷಯ ಇದು. ನಾನು ವಾದ ಮಾಡಲ್ಲ.

ಅಡ್ಮಿನ್: ಆ ಮೆಸೇಜ್ ತೆಗೆದಿದ್ದೇನೆ.

ಶಾಮನೂರಿನ ತಂದೆ: ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಯಾವ ವಯಸ್ಸಿಗೆ ಶುರು ಮಾಡಿಸಬೇಕು? ಕಿಟ್ ಜೊತೆ ಬರುತ್ತಾ?

ಹರಿಹರದ ತಂದೆ: ಬ್ಯಾಟರಿ ತಣ್ಣಗಿತ್ತು, ಹೊರಗೆ ಮರಳಲ್ಲಿ ಇಟ್ಟೆ ಮೇಡಂ. ಮಗ ಬೇಜಾರಾಗಿದ್ದಾನೆ, ಕಾರು ನಿಂತೋಯ್ತು ಅಂತ.

ಮೇಡಂ: ನಿಲ್ಲೋದು ಬೇಡ. ಎಎ ಸೈಜಿನ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ಆರು, ಅವುಗಳದ್ದೇ ಚಾರ್ಜರು, ಆರು ಸೆಲ್ಲಿನ ಹೋಲ್ಡರು ತಂದುಕೊಡಿ. ಒಟ್ಟು 7.2 ವೋಲ್ಟ್ ಆಗುತ್ತೆ, ಅವನ ಮೋಟಾರು ಓಡುತ್ತೆ. ಹರಿಹರದಲ್ಲೇ ಇನ್ನಿಬ್ಬರು ಮಕ್ಕಳು ಸಿಕ್ಕರೆ ಹೇಳಿ. ಕಾರು ತಗೊಂಡು ಮೂವರೂ ಭಾನುವಾರ ನಮ್ಮ ತಂಡದ ಹತ್ತಿರ ಬರಲಿ.