ಪದಚರ್ಚೆ: ‘ಹೀಮ್ ವಿಘಟನೆ’ ಅಂದರೆ ಯಾವುದು? ಒಡೆಯುವುದೋ, ಕಳಚುವುದೋ, ಅರಗುವುದೋ?

ಎಲ್ಲರಿಗೂ ನಮಸ್ಕಾರ.

ಸಿಕಲ್ ಸೆಲ್ ಕಾಯಿಲೆ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದ ಬರುವ ಕಾಯಿಲೆ) ಕುರಿತು ಆಶಾ ಕಾರ್ಯಕರ್ತೆಯರಿಗಾಗಿ ತಯಾರಾಗುತ್ತಿರುವ ಕಿರುಪುಸ್ತಕವೊಂದರ ಕರಡು ತಿದ್ದುತ್ತಿದ್ದೇನೆ. ಸೋಲಿಗರ ಪೋಡು, ಜೇನುಕುರುಬರ ಹಾಡಿಗಳಲ್ಲಿ ಓದಿ ಹೇಳಬೇಕಾದ ಪುಸ್ತಕ. ಅದರಲ್ಲೊಂದು ಸಾಲು: ‘ರಕ್ತದಲ್ಲಿ ಹೀಮ್ ವಿಘಟನೆಯಾಗುವುದರಿಂದ ರಕ್ತನಾಳಗಳಿಗೆ ಹಾನಿಯಾಗುತ್ತದೆ.’ ಹೀಮ್ ಎಂದರೆ ಹೀಮೋಗ್ಲೋಬಿನ್ನಿನೊಳಗೆ ಕಬ್ಬಿಣ ಹಿಡಿದಿರುವ ಅಣು. ವ್ಯಾಕರಣದ ತೊಂದರೆ ಏನೂ ಇಲ್ಲ. ನನ್ನ ತಕರಾರು ‘ವಿಘಟನೆ’ಯ ಮೇಲೆ. ಆ ಒಂದು ಪದದೊಳಗೆ ಮೂರು ಬೇರೆ ಬೇರೆ ಕೆಲಸಗಳು ಸಿಕ್ಕಿಕೊಂಡಿವೆ. ಮೂರನೆಯದಂತೂ ಹೆಚ್ಚಾಗಿ ನಾಳಗಳನ್ನು ಕಾಯುವಂಥದ್ದು!

ಮೊದಲನೆಯದು ಕೆಂಪು ರಕ್ತಕಣ ಒಡೆಯುವುದು. ಆರೋಗ್ಯವಂತರಲ್ಲಿ ಒಂದು ಕಣ ಸುಮಾರು 120 ದಿನ ಬಾಳುತ್ತದೆ. ಮುಪ್ಪಾದದ್ದನ್ನು ಗುಲ್ಮ, ಪಿತ್ತಜನಕಾಂಗಗಳ ಕಬಳಿಸುವ ಕೋಶಗಳು ನುಂಗಿಬಿಡುವುದರಿಂದ ಒಳಗಿನ ಸರಕು ಹೊರಗೆ ಚೆಲ್ಲುವುದು ಕಡಿಮೆ. ಸಿಕಲ್ ಸೆಲ್ ಇರುವವರಲ್ಲಿ ಕಣದ ಆಯಸ್ಸು 10ರಿಂದ 20 ದಿನ ಅಷ್ಟೆ, ಒಂದಿಷ್ಟು ಕಣಗಳು ನಾಳದೊಳಗೇ ಒಡೆಯುತ್ತವೆ. ಇಲ್ಲಿಗೆ ‘ಒಡೆಯುವುದು’ ಧಾರಾಳವಾಗಿ ಸಾಕು. ಆದರೆ ‘ಕಣ ಒಡೆಯುತ್ತದೆ’ ಎಂದೇ ಬರೆಯಬೇಕು. ‘ರಕ್ತ ಒಡೆಯುತ್ತದೆ’ ಎಂದರೆ ಹಾಲು ಒಡೆದಂತೆ ಏನೋ ಆಯಿತೆಂದು ಕೇಳುವವರು ತಿಳಿಯುತ್ತಾರೆ.

ಎರಡನೆಯದು ಹೀಮ್ ಹೀಮೋಗ್ಲೋಬಿನ್ನಿನಿಂದ ಬೇರ್ಪಡುವುದು. ಇದಕ್ಕೆ ಕರಡಿನಲ್ಲಿ ಪದವೇ ಇಲ್ಲ, ಹಾನಿಯ ಬಹುಭಾಗ ಇರುವುದು ಅಲ್ಲೇ. ಹೊರಗೆ ಚೆಲ್ಲಿದ ಹೀಮೋಗ್ಲೋಬಿನ್ನನ್ನು ರಕ್ತದಲ್ಲಿರುವ ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನು ಹಿಡಿದು ಸಾಗಿಸುತ್ತದೆ. ಕಣಗಳು ಒಡೆಯುತ್ತಲೇ ಇದ್ದರೆ ಅದರ ದಾಸ್ತಾನು ಮುಗಿಯುತ್ತದೆ. ಉಳಿದ ಹೀಮೋಗ್ಲೋಬಿನ್, ನಾಳವನ್ನು ಸಡಿಲವಾಗಿ ಇಡುವ ನೈಟ್ರಿಕ್ ಆಕ್ಸೈಡನ್ನು ಕಬಳಿಸುತ್ತದೆ, ನಾಳ ಬಿಗಿಯುತ್ತದೆ. ಅಷ್ಟರಲ್ಲಿ ಹೀಮೋಗ್ಲೋಬಿನ್ನಿನ ಕಬ್ಬಿಣವೂ ಉತ್ಕರ್ಷಣಗೊಂಡು, ಅದರ ಪ್ರೋಟೀನು ಭಾಗವಾದ ಗ್ಲೋಬಿನ್ನಿನ ಹಿಡಿತದಿಂದ ಹೀಮ್ ಸಲೀಸಾಗಿ ಕಳಚಿಕೊಳ್ಳುತ್ತದೆ. ಇಂಥ ಹೀಮನ್ನು ಹಿಡಿಯಲು ಹೀಮೋಪೆಕ್ಸಿನ್ ಎಂಬ ಇನ್ನೊಂದು ಪ್ರೋಟೀನು ಇದೆ, ಅದೂ ಖಾಲಿಯಾದ ಮೇಲೆ ಯಾರೂ ಇಲ್ಲ. ಹೀಮ್ ಕೊಬ್ಬಿಗೆ ಒಗ್ಗುವ ವಸ್ತು. ನಾಳದ ಒಳಪದರದ ಕೋಶಗಳ ಪೊರೆಗೆ ಸೇರಿಕೊಂಡು ಅಲ್ಲಿ ಉತ್ಕರ್ಷಣದ ಹಾವಳಿ ಎಬ್ಬಿಸುತ್ತದೆ. ಕೆರಳಿದ ಒಳಪದರ ಅಂಟಂಟಾಗುತ್ತದೆ. ಬಿಳಿ ಕಣ, ಕುಡುಗೋಲಿನಂತೆ ಬಾಗಿದ ಕಣ, ಎಲ್ಲವೂ ಅಲ್ಲೇ ಕಚ್ಚಿಕೊಂಡು ದಾರಿ ಕಟ್ಟುತ್ತದೆ.

ಇದಕ್ಕೆ ನನ್ನ ಸೂಚನೆ ‘ಕಳಚು’. ಕಳಚಿದ ಹೀಮಿಗೆ ಕರಡಿನವರು ಬೇರೆಡೆ ‘ಮುಕ್ತ ಹೀಮ್’ ಎಂದಿದ್ದಾರೆ. ಮುಕ್ತ ಎಂದರೆ ಏನೋ ಒಳ್ಳೆಯದಾಯಿತು ಅನ್ನಿಸುವುದಿಲ್ಲವೇ? ‘ಬಿಡಿ ಹೀಮ್’ ಹೇಗೆ?

ಮೂರನೆಯದು, ಹೀಮ್ ಅಣುವನ್ನೇ ದೇಹ ಬಿಡಿಸಿ ಹಾಕುವುದು. ಹೀಮ್ ಆಕ್ಸಿಜನೇಸ್ ಎಂಬ ಕಿಣ್ವದ ಕೆಲಸ ಇದು, 1968ರಲ್ಲಿ ಮೊದಲು ವರ್ಣಿಸಲ್ಪಟ್ಟದ್ದು. ಒಂದು ಹೀಮ್‌ನಿಂದ ಒಂದು ಕಬ್ಬಿಣ, ಒಂದು ಕಾರ್ಬನ್ ಮಾನಾಕ್ಸೈಡ್, ಒಂದು ಹಸಿರು ಬಿಲಿವರ್ಡಿನ್ ಹೊರಬರುತ್ತವೆ. ಹಸಿರು ಮತ್ತೆ ಹಳದಿ ಬಿಲಿರುಬಿನ್ ಆಗುತ್ತದೆ. ಪೆಟ್ಟು ಬಿದ್ದ ಜಾಗ ನೀಲಿಗಟ್ಟಿ, ಆಮೇಲೆ ಹಸಿರಾಗಿ, ಹಳದಿಯಾಗಿ ಮಾಯುವುದು ಇದೇ ಕ್ರಿಯೆಯಿಂದ. ಸಿಕಲ್ ಸೆಲ್ ಇರುವವರ ಕಣ್ಣು ಹಳದಿಯಾಗುವುದಕ್ಕೂ ಇದೇ ಮೂಲ. ಈ ಕಿಣ್ವದ ಒಂದು ಬಗೆ ಹುಟ್ಟಿನಿಂದಲೇ ಇಲ್ಲದಿದ್ದ ಜಪಾನಿನ ಹುಡುಗನೊಬ್ಬನ ವಿವರ 1999ರಲ್ಲಿ ಪ್ರಕಟವಾಯಿತು. ಅವನ ನಾಳಗಳ ಒಳಪದರ ತೀವ್ರವಾಗಿ ಹಾಳಾಗಿತ್ತು. ಅಂದರೆ ‘ವಿಘಟನೆ’ ನಡೆಯದೆ ಹೋದದ್ದೇ ಹಾನಿ, ಕರಡಿನ ಸಾಲು ಹೇಳುವುದಕ್ಕೆ ತದ್ವಿರುದ್ಧ. ಹೊರಬಂದ ಕಬ್ಬಿಣವನ್ನು ಫೆರಿಟಿನ್ ಎಂಬ ಪ್ರೋಟೀನು ಬಚ್ಚಿಡದಿದ್ದರೆ ಅದೂ ಉಪದ್ರವ ಕೊಡುತ್ತದೆ ನಿಜ, ಆದರೆ ಆ ವಿವರ ಈ ಪುಸ್ತಕಕ್ಕೆ ಭಾರ.

ಈ ಮೂರನೆಯದಕ್ಕೆ ‘ಅರಗಿಸು’ ಎನ್ನಬಹುದೇ? ‘ದೇಹ ಹೀಮನ್ನು ಅರಗಿಸಿಕೊಳ್ಳುತ್ತದೆ’ ಎಂದರೆ ಹೊಟ್ಟೆಯ ನೆನಪು ಬರುವುದು ಖಂಡಿತ. ಆದರೂ ಅರ್ಥ ದಿಕ್ಕು ತಪ್ಪುವುದಿಲ್ಲ ಅನ್ನುವುದು ನನ್ನ ಅಂದಾಜು. ‘ಚಯಾಪಚಯ’ ಪರೀಕ್ಷೆ ಬರೆಯುವವರಿಗೆ ಇರಲಿ.

ಹೀಗೆ ತಿದ್ದಿದ್ದೇನೆ: ‘ಕೆಂಪು ಕಣಗಳು ನಾಳದೊಳಗೇ ಒಡೆದಾಗ ಹೀಮ್ ಕಳಚಿಕೊಂಡು ರಕ್ತಕ್ಕೆ ಸೇರುತ್ತದೆ. ದೇಹ ಅರಗಿಸಿಕೊಳ್ಳಲಾಗದಷ್ಟು ಬಿಡಿ ಹೀಮ್ ಸೇರಿದರೆ ಅದು ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ.’

ಚಾಮರಾಜನಗರ, ಎಚ್.ಡಿ. ಕೋಟೆ ಕಡೆಯವರು ಇದ್ದರೆ ಇನ್ನೊಂದು ಪ್ರಶ್ನೆ. ಈ ಕಾಯಿಲೆಯವರ ಕಣ್ಣಿನ ಹಳದಿಗೆ ಕರಡು ‘ಕಾಮಾಲೆ’ ಎನ್ನುತ್ತದೆ. ಕಾಮಾಲೆ ಎಂದೊಡನೆ ಜನ ಪಥ್ಯ, ನಾಟಿ ಔಷಧಿ ಅಂತ ಹೊರಟುಬಿಡುತ್ತಾರೆಯೇ? ಹಾಗಿದ್ದರೆ ‘ಕಣ್ಣು ಹಳದಿಯಾಗುವುದು’ ಎಂದಷ್ಟೇ ಇಟ್ಟುಕೊಳ್ಳುತ್ತೇನೆ.